ಹದಿನೇಳನೇ ಬಿಲ್ಲೆ

ಊಟದ ಮೇಜಿನ ಮೂರು ಕಾಲು ಬಿಚ್ಚಿಯಾಗಿತ್ತು. ನಾಲ್ಕನೆಯದರ ಸ್ಕ್ರೂ ತುಕ್ಕು ಹಿಡಿದು ಜಪ್ಪಯ್ಯ ಅನ್ನಲಿಲ್ಲ. ಮಗಳು ನೆಲಕ್ಕೆ ಕೆನ್ನೆ ತಾಗುವಷ್ಟು ಬಾಗಿ ಸ್ಕ್ರೂಡ್ರೈವರ್ ತಿರುಗಿಸುತ್ತಿದ್ದಳು. ಅವಳ ಗಂಡ ಮೇಜನ್ನು ಎತ್ತಿ ಹಿಡಿದು ಬೆವರುತ್ತಿದ್ದ. ಅಷ್ಟರಲ್ಲಿ ಆಸ್ಪತ್ರೆಯ ಗಾಡಿ ಗೇಟಿನ ಹತ್ತಿರ ಬಂದು ನಿಂತ ಸದ್ದಾಯಿತು. ಮೇಜು ಹೊರಗೆ ಹೋಗದೆ ಅಮ್ಮನನ್ನು ಒಳಗೆ ತರುವ ಹಾಗಿರಲಿಲ್ಲ; ಅವಳನ್ನು ಮಲಗಿಸಲು ಆ ಮನೆಯಲ್ಲಿ ಇದ್ದದ್ದು ಇದೊಂದೇ ಜಾಗ.

"ಬಿಡು, ಮುರಿದೇ ಹಾಕ್ತೀನಿ," ಎಂದ ಗಂಡ.

"ಬೇಡ. ಅವಳು ನೋಡಿದ್ರೆ ಬೈತಾಳೆ," ಎಂದಳು ಮಗಳು. ಹೇಳಿದ ಮೇಲೆ, ಅಮ್ಮ ಇನ್ನು ಏನನ್ನೂ ನೋಡುವುದಿಲ್ಲ ಎಂದು ನೆನಪಾಗಿ, ಎಣ್ಣೆಯ ಡಬ್ಬಿಗೆ ಕೈ ಚಾಚಿದಳು. ಎರಡು ಹನಿ ಎಣ್ಣೆ ಬಿಟ್ಟು, ನೂರರವರೆಗೆ ಎಣಿಸಿ, ಮತ್ತೆ ತಿರುಗಿಸಿದಾಗ ಸ್ಕ್ರೂ ಸಲೀಸಾಗಿ ಬಂತು.

ಅಮ್ಮನನ್ನು ತಂದು ಮಲಗಿಸಿದರು. ಚಿಕ್ಕಮ್ಮ ಅಕ್ಕನ ತಲೆಗೂದಲು ಸರಿಪಡಿಸಿ, ಹೊದಿಕೆಯ ಅಂಚು ಎಳೆದು, ಆಮೇಲೆ ಮಗಳನ್ನು ಮೊಣಕೈ ಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು. ಚಿಕ್ಕಮ್ಮ ಯಾರನ್ನಾದರೂ ಮೊಣಕೈ ಹಿಡಿದು ಕರೆದುಕೊಂಡು ಹೋದರೆ ಅದು ಬೈಯುವುದಕ್ಕೇ ಎಂದು ಮನೆಯವರಿಗೆಲ್ಲ ಗೊತ್ತಿತ್ತು.

"ನಿಮ್ಮಮ್ಮನ ಲ್ಯಾಬಿನ ಆ ಉದ್ದಪ್ಪನಿಗೂ ತಿಳಿಸಿದೀಯಂತೆ?"

"ಹೂಂ. ಬರ್ತೀನಿ ಅಂದ್ರು."

"ಬರ್ಲಿ, ನೋಡ್ಲಿ, ಹೋಗ್ಲಿ. ನೀನು ಮಾತ್ರ ಬಾಯಿ ಬಿಡಬೇಡ. ಅವಳು ಆಸ್ಪತ್ರೆ ಮಂಚದ ಮೇಲೆ ಏನೋ ಹೇಳಿದಳು ಅಂತ ನೀನು ಇವತ್ತು ನಾಲ್ಕು ಜನರೆದುರು ಅವಳ ಮಾನ ಕಳೀಬೇಡ. ಆ ಮನುಷ್ಯನ ಹೊಟ್ಟೆ ಮೇಲೂ ಹೊಡೀಬೇಡ."

ಮಗಳು ಲೋಟಗಳನ್ನು ಒಂದೊಂದಾಗಿ ತೊಳೆದು ಬೋರಲು ಹಾಕುತ್ತಿದ್ದಳು. ಎರಡು ವಾರದಿಂದ ಅವಳಿಗೆ ಸರಿಯಾಗಿ ಕಣ್ಣು ಹತ್ತಿರಲಿಲ್ಲ. ಕಾಯಿಲೆಯ ಅಮ್ಮನನ್ನು ನೋಡಿಕೊಂಡದ್ದರಿಂದ ಮಾತ್ರ ಅಲ್ಲ.

"ಮಾತು ಕೊಟ್ಟಿದೀನಿ, ಚಿಕ್ಕಮ್ಮ," ಎಂದಳು.

* * *

ಎರಡು ವಾರದ ಹಿಂದೆ, ಮಧ್ಯಾಹ್ನದ ಹೊತ್ತು, ವಾರ್ಡಿನ ಕಿಟಕಿಯ ಪಕ್ಕದ ಹಾಸಿಗೆಯಲ್ಲಿ ಅಮ್ಮ ದಿಂಬಿಗೆ ಒರಗಿ ಕೂತು, ನಿನಗೊಂದು ಕೆಲಸ ಒಪ್ಪಿಸಬೇಕು ಎಂದಿದ್ದಳು. ಬೀರುವಿನ ಬೀಗದ ಕೈ ವಿಷಯ ಇರಬೇಕು ಎಂದುಕೊಂಡು ಮಗಳು ಕುರ್ಚಿ ಹತ್ತಿರ ಎಳೆದುಕೊಂಡಳು.

ಅಮ್ಮ ಇಪ್ಪತ್ತಾರು ವರ್ಷ ಒಂದು ಸಂಶೋಧನಾಲಯದಲ್ಲಿ ಬಿಲ್ಲೆ ಮಾಡಿದವಳು. ಮೂರು ಬಗೆಯ ಪುಡಿ ತೂಗಿ, ಅಗೇಟ್ ಕಲ್ಲಿನ ಪುಟ್ಟ ಒರಳಲ್ಲಿ ನಾಲ್ಕು ಗಂಟೆ ಕೈಯಲ್ಲೇ ಅರೆದು, ಫರ್ನೇಸಿನಲ್ಲಿ ಸುಟ್ಟು, ಮತ್ತೆ ಅರೆದು, ಉಕ್ಕಿನ ಅಚ್ಚಿನಲ್ಲಿ ಒತ್ತಿ, ಮತ್ತೆ ಸುಟ್ಟು, ಆಕ್ಸಿಜನ್ ಹಾಯಿಸುತ್ತ ಇಡೀ ಒಂದು ದಿನ ನಿಧಾನವಾಗಿ ಆರಲು ಬಿಟ್ಟರೆ ನಾಣ್ಯದಷ್ಟು ದೊಡ್ಡ ಕರಿ ಬಿಲ್ಲೆಯೊಂದು ಸಿಗುತ್ತಿತ್ತು. ಹೊಗೆಯಾಡುವ ಲಿಕ್ವಿಡ್ ನೈಟ್ರೋಜನ್ನಿನಲ್ಲಿ ಅದನ್ನು ತಣ್ಣಗೆ ಮಾಡಿದರೆ ಅದು ಅತಿವಾಹಕ. ಕರೆಂಟು ಅದರಲ್ಲಿ ಯಾವ ಅಡ್ಡಿಯೂ ಇಲ್ಲದೆ ಸುತ್ತುತ್ತದೆ. ಮೇಲೆ ತಂದ ಆಯಸ್ಕಾಂತವನ್ನು ಅದು ತಳ್ಳಿ ಗಾಳಿಯಲ್ಲಿ ನಿಲ್ಲಿಸುತ್ತದೆ. ಲ್ಯಾಬಿನವರೆಲ್ಲ ಅವಳನ್ನು ಬಿಲ್ಲೆ ಅಕ್ಕ ಎಂದೇ ಕರೆಯುತ್ತಿದ್ದರು. ಮಗಳು ಚಿಕ್ಕವಳಿದ್ದಾಗ ಅದೇನು ಎಂದು ಕೇಳಿದರೆ ಅಮ್ಮ ತನಗೆ ತಿಳಿದಷ್ಟು ಹೇಳುತ್ತಿದ್ದಳು. ನೋಡಲು ಒಂದೇ ಬಿಲ್ಲೆ, ಒಳಗೆಲ್ಲ ಕಾಳು ಕಾಳು. ಒಂದೊಂದು ಕಾಳೂ ತನ್ನ ಮಟ್ಟಿಗೆ ಗಟ್ಟಿ. ಪಕ್ಕದ ಕಾಳಿನ ಕೈ ಹಿಡಿಯುವುದು ಮಾತ್ರ ಸಡಿಲ. ಆಯಸ್ಕಾಂತ ಸ್ವಲ್ಪ ಜೋರಾದರೆ ಮೊದಲು ನುಗ್ಗುವುದು ಆ ಸಂದಿಗಳಲ್ಲೇ.

ಮಗಳಿಗೆ ಆರು ವರ್ಷವಾಗಿದ್ದಾಗ ದಡಾರ ಎದ್ದಿತ್ತು. ಅಪ್ಪ ತೀರಿಕೊಂಡು ಒಂದು ವರ್ಷ. ಅಮ್ಮ ಮೂರು ದಿನ ಜ್ವರದ ಮಗುವಿನ ಪಕ್ಕದಲ್ಲಿ ಎಚ್ಚರವಾಗಿದ್ದು, ನಾಲ್ಕನೆಯ ದಿನ ಚಿಕ್ಕಮ್ಮನ ಕೈಗೆ ಮಗುವನ್ನು ಕೊಟ್ಟು ಕೆಲಸಕ್ಕೆ ಓಡಿದ್ದಳು. ಉದ್ದಪ್ಪನೆಂಬ ಸಂಶೋಧನಾ ವಿದ್ಯಾರ್ಥಿಯ ಹದಿನೇಳನೇ ಬಿಲ್ಲೆಯನ್ನು ಅಂದು ಬೆಳಿಗ್ಗೆ ಫರ್ನೇಸಿನಿಂದ ತೆಗೆಯಬೇಕಿತ್ತು. ಪುಡಿಯ ಡಬ್ಬಿಯ ತಳ ಕಂಡಿತ್ತು. ಹೊಸ ಡಬ್ಬಿ ಬರಲು ಮೂರು ತಿಂಗಳು. ಅವನ ಪ್ರಬಂಧ ಒಪ್ಪಿಸಲು ಉಳಿದಿದ್ದದ್ದು ಎರಡು ತಿಂಗಳು. ಅಂದರೆ ಆ ಬಿಲ್ಲೆ ಅವನ ಕೊನೆಯ ಬಿಲ್ಲೆ.

ನಿದ್ದೆಗೆಟ್ಟ ಕೈಯಲ್ಲಿ ಚಿಮಟ ಜಾರಿತು. ಬಿಲ್ಲೆ ಕಲ್ಲಿನ ಕಟ್ಟೆಗೆ ಬಿದ್ದು ಎರಡು ಹೋಳಾಯಿತು.

ಅಮ್ಮನದು ವರ್ಷ ವರ್ಷಕ್ಕೆ ಮುಂದುವರಿಸುವ ಹಂಗಾಮಿ ಕೆಲಸ. ಆ ವಾರವೇ ದೊಡ್ಡ ಸರ್, ಅಂದರೆ ಲ್ಯಾಬಿನ ಮುಖ್ಯಸ್ಥರು, ಇನ್ನೊಂದು ಸಾಮಾನು ಒಡೆದರೆ ಒಡೆದವರಿಗೆ ಲ್ಯಾಬಿನ ಬಾಗಿಲು ಮುಚ್ಚಿತು ಎಂದು ಗುಡುಗಿದ್ದರು. ಅವಳು ಸುತ್ತ ನೋಡಿದಳು, ಯಾರೂ ಇರಲಿಲ್ಲ. ಕಪಾಟಿನಲ್ಲಿ ಚಳಿಗೂ ಬಿಡದ ವಾರ್ನಿಷ್ ಇತ್ತು, ತಂತಿ ಅಂಟಿಸುವುದಕ್ಕೆ ಇಟ್ಟದ್ದು. ಭೂತಗನ್ನಡಿಯ ಕೆಳಗೆ ಎರಡು ಹೋಳನ್ನೂ ಸೇರಿಸಿ ಅಂಟಿಸಿದಳು. ಗೆರೆ ಕೂಡ ಕಾಣಲಿಲ್ಲ. ಡಬ್ಬಿಯಲ್ಲಿಟ್ಟು ಮೇಲೆ ಹದಿನೇಳು ಎಂದು ಬರೆದು ಅವನ ಮೇಜಿನ ಮೇಲಿಟ್ಟು ಮನೆಗೆ ಬಂದಳು.

"ಆ ಒಡಕು ಬಿಲ್ಲೆ ಅಳೆದು ಅವನು ಡಾಕ್ಟರ್ ಆದ, ಪುಟ್ಟಿ," ಎಂದಳು ಅಮ್ಮ. "ಮೇಷ್ಟ್ರಾದ, ಈಗ ಎಷ್ಟೋ ಜನಕ್ಕೆ ದೊಡ್ಡವನಾಗಿದಾನೆ. ಬುಡದಲ್ಲಿ ನನ್ನ ಸುಳ್ಳು ಕೂತಿದೆ. ಮುಖ ಕೊಟ್ಟು ಹೇಳೋಣ ಅಂತ ಎಷ್ಟು ಸಲ ಹೊರಟೆ, ನಾಲಿಗೆ ಹೊರಳಲಿಲ್ಲ. ನೀನು ಹೇಳ್ಬಿಡು. ನಾನು ಹೋದ ಮೇಲೆ, ಸುಡೋದಕ್ಕೆ ಮುಂಚೆ. ಇದನ್ನ ಹೊತ್ಕೊಂಡು ಹೋಗೋಕೆ ನನಗಿಷ್ಟ ಇಲ್ಲ."

ಹಣ್ಣಿನ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮನಿಗೂ ಅದು ಕೇಳಿಸಿತ್ತು.

* * *

ಹತ್ತು ಗಂಟೆಯ ಹೊತ್ತಿಗೆ ಮನೆ ತುಂಬಿತು. ಲ್ಯಾಬಿನವರೇ ಹೆಚ್ಚು. ಗಾಜಿನ ನಳಿಗೆ ಊದುತ್ತಿದ್ದ ಮುದುಕರೊಬ್ಬರು, ಬಿಲ್ಲೆ ಅಕ್ಕ ತಮ್ಮ ಬಿಸ್ಕತ್ತಿನ ಪೊಟ್ಟಣವನ್ನು ಕಿಟಕಿಯಿಂದ ಎಸೆದ ಕತೆ ಹೇಳಿದರು. ತಕ್ಕಡಿಯ ಕೋಣೆಯಲ್ಲಿ ತಿಂದದ್ದಕ್ಕೆ ಶಿಕ್ಷೆ. "ಒಂದು ಚೂರು ಉಪ್ಪು ಪುಡೀಲಿ ಸೇರಿದ್ರೆ ನಿಮ್ಮಪ್ಪ ಬಂದು ಅರೀತಾನಾ ಅಂದ್ಲು. ನಮ್ಮಪ್ಪ ತೀರಿಕೊಂಡು ಆಗಲೇ ಎಂಟು ವರ್ಷ," ಎಂದರು. ಜನ ನಕ್ಕು, ಮಲಗಿದ್ದವಳ ಕಡೆ ನೋಡಿ, ಬಾಯಿ ಮುಚ್ಚಿಕೊಂಡರು.

ದೊಡ್ಡ ಸರ್ ಕೋಲೂರಿಕೊಂಡು ಬಂದರು. ಎಂಬತ್ತೇಳು ವರ್ಷ, ಒಂದು ಕಿವಿ ಪೂರ್ತಿ ಮಂದ. ಅಮ್ಮನ ಪಾದದ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತರು.

ಮಗಳ ಕಣ್ಣು ಬಾಗಿಲಲ್ಲೇ ಇತ್ತು. ಹತ್ತೂವರೆಗೆ ಫೋನ್ ಬಂತು. ರೈಲು ತಡವಾಗಿದೆ, ಮನೆಗೆ ಬರುವುದಕ್ಕಾಗುವುದಿಲ್ಲ, ನೇರ ಚಿತಾಗಾರಕ್ಕೇ ಬರುತ್ತೇನೆ ಎಂದ ಉದ್ದಪ್ಪ. ಪಕ್ಕದಲ್ಲೇ ಕಿವಿ ಕೊಟ್ಟು ನಿಂತಿದ್ದ ಚಿಕ್ಕಮ್ಮ, ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ, ಒಳ್ಳೆಯದೇ ಆಯಿತು ಎಂದಳು. ಮಗಳಿಗೆ ಒಂದು ಕ್ಷಣ ಹಾಗೇ ಆಗಲಿ ಅನ್ನಿಸಿತು. ಮರುಕ್ಷಣವೇ ನಾಚಿಕೆಯೂ ಆಯಿತು.

* * *

ಉದ್ದಪ್ಪ ವರ್ಷಕ್ಕೊಮ್ಮೆಯಾದರೂ ಬರುತ್ತಿದ್ದ. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, "ಅಕ್ಕಾ" ಎಂದು ಕರೆದು, ಮುಂದಿನ ಕೋಣೆಯ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದ. ಅಮ್ಮ ಅಡುಗೆಮನೆಯಿಂದಲೇ, ಚೆನ್ನಾಗಿದೀಯಾ ಎಂದು ಕೇಳುತ್ತಿದ್ದಳು. ಟೀ ಮಾಡಿ ಮಗಳ ಕೈಯಲ್ಲಿ ಕಳಿಸುತ್ತಿದ್ದಳು. ಉಕ್ಕದ ಹಾಲು ಉಕ್ಕೀತು ಎಂದು ಕಾಯುತ್ತಿದ್ದಳು, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಹತ್ತು ನಿಮಿಷಕ್ಕೆ ಅವನು ಎದ್ದು, ಬರ್ತೀನಿ ಅಕ್ಕ, ಎನ್ನುತ್ತಿದ್ದ.

ಅಮ್ಮನಿಗೆ ಉದ್ದ ಮಾಮನನ್ನು ಕಂಡರಾಗದು ಎಂದೇ ಮಗಳು ಬೆಳೆದದ್ದು. ಒಮ್ಮೆ ಕೇಳಿಯೂ ಬಿಟ್ಟಿದ್ದಳು. ಅಮ್ಮ, "ಅವನಷ್ಟು ಒಳ್ಳೆಯವನು ಯಾರಿದಾರೆ" ಎಂದು ಸೆರಗಿನಿಂದ ಮುಖ ಒರೆಸಿಕೊಂಡಿದ್ದಳು. ಹನ್ನೆರಡು ವರ್ಷದ ಹುಡುಗಿಗೆ ಅದರ ತಲೆಬುಡ ಗೊತ್ತಾಗಿರಲಿಲ್ಲ.

* * *

ಚಿತಾಗಾರದಲ್ಲಿ ಅವರಿಗಿಂತ ಮೊದಲು ಬಂದವರದ್ದು ಇನ್ನೂ ನಡೆಯುತ್ತಿತ್ತು. ನಲವತ್ತು ನಿಮಿಷ ಕಾಯಬೇಕು ಎಂದ ಕುಲುಮೆ ನೋಡಿಕೊಳ್ಳುವವನು. ಅಮ್ಮನನ್ನು ನೆರಳಿನ ಕಟ್ಟೆಯ ಮೇಲೆ ಇಳಿಸಿದರು. ಜನ ಸಿಮೆಂಟಿನ ಬೆಂಚುಗಳ ಮೇಲೆ ಚದುರಿ ಕೂತರು. ದೊಡ್ಡ ಸರ್ ಮಾತ್ರ ಕೋಲೂರಿಕೊಂಡು ಕುಲುಮೆಯ ಮೀಟರಿನ ಹತ್ತಿರ ಹೋಗಿ ಕನ್ನಡಕ ಏರಿಸಿ ನೋಡಿದರು.

"ಎಷ್ಟಕ್ಕಿಡ್ತೀರಿ?"

"ಎಂಟುನೂರು, ಯಜಮಾನ್ರೇ."

"ಇವಳು ಒಂಬೈನೂರ ಮೂವತ್ತರ ಕೆಳಗೆ ಯಾವ ಕೆಲಸವನ್ನೂ ಒಪ್ತಿರಲಿಲ್ಲ."

ಅಳಿಯ ಬಂದು ಅವರನ್ನು ಮೆಲ್ಲಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದ.

ಉದ್ದಪ್ಪ ಬಂದಾಗ ಇನ್ನು ಹದಿನೈದು ನಿಮಿಷ ಉಳಿದಿತ್ತು. ಹೆಗಲಲ್ಲಿ ಚೀಲ, ಸುಕ್ಕಾದ ಅಂಗಿ, ನರೆತ ಗಡ್ಡ. ಅಮ್ಮನ ಎದುರು ನಿಂತು ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡ. ಆಮೇಲೆ ಹೋಗಿ ಮರದ ಕೆಳಗಿನ ಬೆಂಚಿನಲ್ಲಿ ಒಬ್ಬನೇ ಕೂತ. ಮಗಳು ಅತ್ತ ಹೆಜ್ಜೆ ಇಟ್ಟಾಗ ಚಿಕ್ಕಮ್ಮ ಅವಳ ಮೊಣಕೈ ಹಿಡಿದಳು. ಈ ಸಲ ಮಗಳು ಆ ಕೈಯನ್ನು ನಿಧಾನವಾಗಿ ಬಿಡಿಸಿ, ಒಂದು ಕ್ಷಣ ತನ್ನ ಕೈಯಲ್ಲೇ ಹಿಡಿದಿದ್ದು, ಬಿಟ್ಟು ನಡೆದಳು.

"ಮಾಮ, ಅಮ್ಮ ನಿಮಗೊಂದು ಮಾತು ಹೇಳು ಅಂದಿದ್ಲು. ಇವತ್ತೇ, ಇಲ್ಲೇ."

ಅವಳು ಹೇಳಿದಳು. ದಡಾರ, ಚಿಮಟ, ಕಲ್ಲಿನ ಕಟ್ಟೆ, ವಾರ್ನಿಷ್. ನಡುವೆ ನಿಲ್ಲಿಸಿದರೆ ಮತ್ತೆ ಶುರು ಮಾಡಲಾರೆ ಎಂದು ಉಸಿರು ಬಿಡದೆ ಹೇಳಿದಳು. ಹೇಳುವಾಗ ಅವನ ಮುಖ ನೋಡಲಿಲ್ಲ, ಅವನ ಮೊಣಕಾಲ ಮೇಲಿದ್ದ ಉದ್ದ ಬೆರಳುಗಳನ್ನೇ ನೋಡುತ್ತಿದ್ದಳು. ಕೊನೆಗೆ, ಇದರಿಂದ ನಿಮಗೆ ಏನಾದರೂ ತೊಂದರೆಯಾದರೆ ಅಮ್ಮನನ್ನು ಕ್ಷಮಿಸಿ, ಅವಳು ಆವತ್ತು ನನ್ನ ದೆಸೆಯಿಂದ ನಿದ್ದೆಗೆಟ್ಟಿದ್ದಳು, ಎಂದಳು.

ಆ ಬೆರಳುಗಳು ಅಲುಗಲಿಲ್ಲ.

"ಹದಿನೇಳನೇದು," ಎಂದ ಉದ್ದಪ್ಪ.

ಮಗಳು ತಲೆ ಎತ್ತಿದಳು. ನಂಬರನ್ನು ಅವಳು ಹೇಳಿರಲಿಲ್ಲ.

"ಸರಿಯಾಗಿ ನಡುವೆ ಅಲ್ಲ, ಒಂಚೂರು ಎಡಕ್ಕೆ ಒಡೆದಿತ್ತು. ನನಗೆ ಗೊತ್ತಿತ್ತು, ಪುಟ್ಟಿ. ಅಳೆದ ಮೊದಲನೇ ದಿನವೇ ಗೊತ್ತಾಯ್ತು."

"ಗೆರೆ ಕೂಡ ಕಾಣ್ತಿರಲಿಲ್ಲ ಅಂದ್ಲು."

"ಕಣ್ಣಿಗೆ ಕಾಣ್ತಿರಲಿಲ್ಲ."

ಅವನು ಬಗ್ಗಿ ಒಂದು ಕಡ್ಡಿ ಎತ್ತಿಕೊಂಡು ಮಣ್ಣಿನ ಮೇಲೆ ಎಲೆಯಾಕಾರದ ಒಂದು ಸುತ್ತು ಎಳೆದ. ಆಯಸ್ಕಾಂತವನ್ನು ಜೋರು ಮಾಡಿ ಮತ್ತೆ ಇಳಿಸಿದರೆ ಅಳತೆಯ ಗ್ರಾಫ್ ಕಾಗದದ ಮೇಲೆ ಇಂಥ ಎಲೆ ಮೂಡುತ್ತದೆ ಎಂದ. ಹೋದ ದಾರಿಯಲ್ಲೇ ಬಿಲ್ಲೆ ವಾಪಸು ಬರುವುದಿಲ್ಲ, ಕಾಳುಗಳ ಸಂದಿಗೆ ನುಗ್ಗಿದ್ದು ಸ್ವಲ್ಪ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಕರೆಂಟು ಬಿಲ್ಲೆಯ ಅಂಚಿನುದ್ದಕ್ಕೂ ಒಂದೇ ದೊಡ್ಡ ಸುತ್ತು ಹಾಕಿದರೆ ಎಲೆ ದಪ್ಪ. ಅದರ ಪಕ್ಕದಲ್ಲಿ ಇನ್ನೊಂದು ಎಳೆದ, ತೆಳ್ಳಗಿನದು. ದಾರಿ ಎಲ್ಲೋ ಕಡಿದು, ಎರಡು ಸಣ್ಣ ಸುತ್ತು ಬೇರೆ ಬೇರೆಯಾಗಿ ಓಡಿದರೆ ಎಲೆ ಹೀಗಾಗುತ್ತದೆ.

"ಅಂಟಿಸಿದ್ರೆ ಬಿಲ್ಲೆ ಕೂಡುತ್ತೆ, ಕರೆಂಟು ಕೂಡಲ್ಲ. ಹದಿನಾರು ಬಿಲ್ಲೆ ದಪ್ಪ ಎಲೆ ಕೊಟ್ಟಿದ್ವು, ಇದೊಂದು ಸಣಕಲು. ಮೈಕ್ರೋಸ್ಕೋಪಿನ ಕೆಳಗಿಟ್ಟೆ. ಕೂದಲಿನಷ್ಟು ಸಣ್ಣಗೆ ವಾರ್ನಿಷ್ ಹೊಳೀತಿತ್ತು. ಅಷ್ಟು ನೇರವಾಗಿ ಅಂಟಿಸೋ ಕೈ ಆ ಲ್ಯಾಬಲ್ಲಿ ಒಂದೇ ಇದ್ದದ್ದು."

"ಮತ್ತೆ ಪ್ರಬಂಧ?"

ಅವನ ಗಡ್ಡದೊಳಗೆ ನಗು ಕಾಣಿಸಿತು. ಆವತ್ತು ತಲೆ ಮೇಲೆ ಕೈ ಹೊತ್ತು ಕೂತಿದ್ದೆ ಎಂದ. ಆಮೇಲೆ ಹೊಳೆಯಿತು. ಎರಡಾದರೆ ಇಷ್ಟು ತೆಳ್ಳಗಾಗುತ್ತದೆ, ನಾಲ್ಕಾದರೆ? ತಾನೇ ಅದನ್ನು ನಾಲ್ಕು ಮಾಡಿದ, ಎಂಟು ಮಾಡಿದ, ಕೊನೆಗೆ ಕುಟ್ಟಿ ಪುಡಿ ಮಾಡಿದ. ಪ್ರತಿ ಸಲವೂ ಎಲೆ ತೆಳುವಾಗುತ್ತ ಹೋಗಿ ಒಂದು ಕಡೆ ನಿಂತುಬಿಟ್ಟಿತು. ಅದಕ್ಕಿಂತ ತೆಳ್ಳಗಾಗಲಿಲ್ಲ. ಆ ಉಳಿದದ್ದು ಒಂದೊಂದು ಕಾಳಿನ ಸ್ವಂತದ್ದು. ಕಾಳಿನ ಪಾಲೆಷ್ಟು, ಕೈಹಿಡಿತದ ಪಾಲೆಷ್ಟು ಎಂದು ಬೇರೆ ಬೇರೆಯಾಗಿ ತೋರಿಸಲು ಅವನು ಎರಡು ವರ್ಷದಿಂದ ಹೆಣಗುತ್ತಿದ್ದ.

"ನಾಲ್ಕನೇ ಅಧ್ಯಾಯ ಪೂರ್ತಿ ಅದೇ. ಬಿಲ್ಲೆ ಮೊದಲು ಅಳೆಯುವಾಗಲೇ ಎರಡು ಹೋಳಾಗಿತ್ತು ಅಂತ ಮೊದಲ ಸಾಲಲ್ಲೇ ಬರ್ದಿದೀನಿ. ಸುಳ್ಳು ಎಲ್ಲೂ ಇಲ್ಲ. ಪರೀಕ್ಷಕರು ಹೊಗಳಿದ್ದೂ ಅದೊಂದನ್ನೇ. ಉಳಿದ ಹದಿನಾರು ಬಿಲ್ಲೆ ಬಗ್ಗೆ ಯಾರೂ ಕೇಳಲೇ ಇಲ್ಲ."

ಮಗಳು ಅವನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತಳು. ಎರಡು ವಾರ ಎದೆಯ ಮೇಲೆ ಕೂತಿದ್ದ ಗುಂಡುಕಲ್ಲನ್ನು ಯಾರೋ ಎತ್ತಿ ಪಕ್ಕಕ್ಕಿಟ್ಟಂತಾಯಿತು. ಆಮೇಲೆ ಸಿಟ್ಟು ಬಂತು.

"ಒಂದು ಮಾತು ಅವಳಿಗೆ ಹೇಳ್ಬಾರದಾಗಿತ್ತಾ, ಮಾಮ?"

"ಹೇಳ್ಬೇಕಿತ್ತು." ಅವನು ಕಡ್ಡಿಯನ್ನು ಬೆರಳಲ್ಲಿ ತಿರುಗಿಸಿದ. "ಮೊದಲು ಅವಳ ಕೆಲಸಕ್ಕೆ ಕುತ್ತು ಬರುತ್ತೆ ಅಂತ ಹೆದರಿದೆ. ಆಮೇಲೆ ಮನೆಗೆ ಬಂದಾಗೆಲ್ಲ ಅವಳು ಅಡುಗೆಮನೆ ಬಿಟ್ಟು ಈಚೆ ಬರ್ತಿರಲಿಲ್ಲ. ಅವಳ ತಪ್ಪನ್ನ ನಾನು ಪುಸ್ತಕದಲ್ಲಿ ಬರೆದದ್ದು ಯಾರಿಂದಲೋ ಗೊತ್ತಾಗಿ ಸಿಟ್ಟಾಗಿದಾಳೆ ಅಂದ್ಕೊಂಡೆ. ಕ್ಷಮೆ ಕೇಳೋಣ ಅಂತಲೇ ಪ್ರತಿ ವರ್ಷ ಬರ್ತಿದ್ದೆ. ಕೂತು, ಟೀ ಕುಡಿದು, ಎದ್ದು ಹೋಗ್ತಿದ್ದೆ."

"ಏನದು ಅಲ್ಲಿ ಗುಸುಗುಸು?" ಎಂದರು ಆಚೆ ಬೆಂಚಿನಿಂದ ದೊಡ್ಡ ಸರ್.

ಉದ್ದಪ್ಪ ಎದ್ದು ಹೋಗಿ ಅವರ ಕೇಳುವ ಕಿವಿಗೆ ಬಾಗಿ ಜೋರಾಗಿ ಹೇಳಿದ: "ಹದಿನೇಳನೇ ಬಿಲ್ಲೆ, ಸರ್."

"ಓ. ಅಂಟಿಸಿದ್ದಾ?" ಎಂದರು ಸರ್, ಇಡೀ ಅಂಗಳಕ್ಕೆ ಕೇಳುವಂತೆ. ಜನ ತಿರುಗಿ ನೋಡಿದರು. "ಅದರ ಮೇಲೇ ಅಲ್ಲವೇ ನಾನು ಅವಳ ಕೆಲಸ ಕಾಯಂ ಮಾಡಿ ಅಂತ ಬರೆದದ್ದು. ಅಷ್ಟು ಚೊಕ್ಕವಾಗಿ ಅಂಟಿಸೋದು ನನಗೇ ಬರ್ತಿರಲಿಲ್ಲ. ಅವಳಿಗೆ ನೀನು ಹೇಳಿರ್ತೀಯ ಅಂದ್ಕೊಂಡಿದ್ದೆ."

"ನೀವು ಹೇಳಿರ್ತೀರಿ ಅಂತ ನಾನು," ಎಂದ ಉದ್ದಪ್ಪ.

ಚಿಕ್ಕಮ್ಮ ನಿಂತಲ್ಲೇ ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. "ಅಂದ್ರೆ ನಮ್ಮಕ್ಕ ಮೂವತ್ತು ವರ್ಷ ಬರಿದೇ ಒದ್ದಾಡಿದ್ಲು. ಇಷ್ಟು ಓದಿದೀರಿ, ಬಾಯಿ ಬಿಡೋದು ಯಾರೂ ಕಲಿಸ್ಲಿಲ್ವಾ?" ಎಂದು ಕೇಳಿದಳು. ಇಬ್ಬರು ಪ್ರೊಫೆಸರರೂ ತಲೆ ತಗ್ಗಿಸಿದರು. ಬೆಳಿಗ್ಗೆ ಬಾಯಿ ಬಿಡಬೇಡ ಎಂದವಳು ಇದೇ ಚಿಕ್ಕಮ್ಮ ಎಂದು ನೆನಪಾಗಿ ಮಗಳಿಗೆ ನಗು ಬಂತು. ತಡೆಯಲು ಹೋದರೆ ಅದು ಅಳುವಾಯಿತು, ಅಳುವಾಗಿಯೂ ನಿಲ್ಲದೆ ಮತ್ತೆ ನಗುವಾಯಿತು. ಗಂಡ ಗಾಬರಿಯಿಂದ ನೀರಿನ ಬಾಟಲಿ ತಂದ.

ಒಳಗಿನಿಂದ ಕರೆ ಬಂತು. ಕುಲುಮೆಯೊಳಗೆ ದೂಡುವ ತಟ್ಟೆ ಹಳಿಗಳ ಮೇಲೆ ಸಿದ್ಧವಾಗಿತ್ತು. ಮಗಳು ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು ಹೇಳಿದಳು. "ಹೇಳಾಯ್ತಮ್ಮ. ಅವರಿಗೆ ಮೊದಲೇ ಗೊತ್ತಿತ್ತಂತೆ. ನಿನ್ನ ಬಿಲ್ಲೆಯಿಂದಲೇ ಎಲ್ಲ ಆದದ್ದಂತೆ."

ಅವಳ ಹಿಂದೆ ಉದ್ದಪ್ಪ ಬಂದ. ಅಷ್ಟು ಎತ್ತರದ ಮನುಷ್ಯ ಬಾಗಿ ಅರ್ಧವಾಗಿ, ಅಮ್ಮನ ಇನ್ನೊಂದು ಕಿವಿಯ ಹತ್ತಿರ ಬಹಳ ಹೊತ್ತು ಏನೋ ಹೇಳಿದ. ಏನೆಂದು ಯಾರಿಗೂ ಕೇಳಿಸಲಿಲ್ಲ. ಕುಲುಮೆಯವನು ಅವಸರ ಮಾಡಲಿಲ್ಲ, ಅವನು ಹೇಳಿ ಮುಗಿಸುವವರೆಗೂ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕಾದ.

* * *

ಸಂಜೆ ನಾಲ್ಕಕ್ಕೆ ಜನ ಚದುರತೊಡಗಿದರು. ಬಾಡಿಗೆಯ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಗಾಡಿಗೆ ಹಾಕಿದ್ದಾಯಿತು. ದೊಡ್ಡ ಸರ್ ಅವರನ್ನು ಅಳಿಯ ಮನೆಗೆ ಬಿಟ್ಟು ಬಂದ. ಗಾಜಿನ ಕೆಲಸದ ಮುದುಕರು ಹೊರಡುವಾಗ ಮಗಳ ತಲೆ ಸವರಿ, ಅವಳು ಸುಖವಾಗಿ ಹೋದಳು ಕಣಮ್ಮ, ಎಂದರು. ಎಲ್ಲರೂ ಹೇಳುವ ಮಾತೇ. ಆದರೂ ಮಗಳು ಹೌದು ಎಂದು ಮನಸ್ಸಿಟ್ಟು ತಲೆಯಾಡಿಸಿದಳು.

ಅವಳಿಗೆ ಹಸಿವಾಗುತ್ತಿತ್ತು. ಎಷ್ಟೋ ದಿನದ ಮೇಲೆ ಬಂದ ನಿಜವಾದ ಹಸಿವು. ಒಳಗಿನಿಂದ ಚಿಕ್ಕಮ್ಮನ ದನಿ ಕೇಳುತ್ತಿತ್ತು. ತಟ್ಟೆ ಹೀಗಲ್ಲ ಒರೆಸೋದು, ಪ್ರೊಫೆಸರ್ ಆದ್ರೆ ಆಯ್ತಾ, ಅಂಚು ಒರೆಸ್ಬೇಕು, ಎನ್ನುತ್ತಿದ್ದಳು. ಮತ್ತೊಂದು ದನಿ, ತಗ್ಗಿನದು, ಹೂಂ ಅಕ್ಕ, ಎನ್ನುತ್ತಿತ್ತು. ನಡುನಡುವೆ ನೀರು ಬೀಳುವ ಸದ್ದು, ಒಮ್ಮೆ ತಲೆ ಕಪಾಟಿಗೆ ಬಡಿದ ಸದ್ದು, ಆಮೇಲೆ ಚಿಕ್ಕಮ್ಮನ ನಗು.

ಮಗಳು ಮುಂಬಾಗಿಲು ಮುಚ್ಚಲು ಹೋದಳು. ಬೆಳಗಿನಿಂದ ಕಾಲಿಡಲು ಜಾಗವಿಲ್ಲದಂತೆ ಚಪ್ಪಲಿ ತುಂಬಿದ್ದ ಹೊಸಿಲಿನಾಚೆ ಈಗ ಒಂದೇ ಜೊತೆ ಶೂಗಳಿದ್ದವು. ಗೋಡೆಗೆ ಆತು, ಪುಟ್ಟ ದೋಣಿಯಷ್ಟು ಉದ್ದ. ಲಾಡಿಗಳನ್ನು ಪೂರ್ತಿ ಬಿಚ್ಚಿ, ಕಾಲುಚೀಲಗಳನ್ನು ಉಂಡೆ ಮಾಡಿ ಒಳಗೆ ತುರುಕಿಟ್ಟಿತ್ತು.